ಆಗುಂಬೆಗೆ ಹೊರಟ ಮೂವರು

ಮದುವೆಯಾಗಿ ಕಾಗವಾಡಕ್ಕೆ ಬಂದ ಮೇಲೆ ನಾನು ನೋಡಿದ ಊರುಗಳೆಲ್ಲ ಕೈ ಮುಗಿಯುವ ಊರುಗಳೇ. ಕುಂಭೋಜ, ಸ್ತವನಿಧಿ, ಶ್ರವಣಬೆಳಗೊಳ. ಬಸದಿಯ ಹಿಂದೆ ಧರ್ಮಶಾಲೆ, ಧರ್ಮಶಾಲೆಯ ಹಿಂದೆ ಒಲೆ, ಒಲೆಯ ಮುಂದೆ ನಾನು. ದೇವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ಸಲವಾದರೂ ಹೋದ ಜಾಗದಲ್ಲಿ ಸುಮ್ಮನೆ ನಿಲ್ಲಬೇಕು, ಏನೂ ಬೇಡಿಕೊಳ್ಳಬಾರದು, ಯಾರಿಗೂ ಏನೂ ಬೇಯಿಸಿ ಹಾಕಬಾರದು ಅನ್ನಿಸುತ್ತಿತ್ತು. ಅಷ್ಟೇ ನನ್ನ ಆಸೆ.

ಆಗುಂಬೆಯ ಮಳೆಕಾಡಿನ ಸುದ್ದಿ ತಂದವಳು ಮಗಳು ಬ್ರಾಹ್ಮಿ. ಚಿಕ್ಕೋಡಿಯ ಕಾಲೇಜಿನಲ್ಲಿ ಓದುತ್ತಾಳೆ. ಅವಳ ಮೊಬೈಲಿನಲ್ಲಿ ಒಂದು ಸಣ್ಣ ಕಪ್ಪೆ ಹಳ್ಳದ ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ ಬೀಸುತ್ತಿತ್ತು. ನೀರಿನ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ ಎಂದು ಕಾಲು ಬೀಸಿ ಕರೆಯುತ್ತದಂತೆ. ನನ್ನ ಅತ್ತೆ ಕಾಶಿಬಾಯಿ ಕನ್ನಡಕ ಹಾಕಿಕೊಂಡು ಬಂದರು.

"ಮತ್ತೊಮ್ಮೆ ತೋರಿಸ ಬೇ. ಖರೇನ ಬೀಸಾಕತ್ತೈತಿ!"

"ಹೆಣ್ಣ ಕಪ್ಪಿನ ಕರ್ಯಾಕತ್ತೈತಿ ಆಯಿ, ಅದು."

"ನಿಮ್ಮ ಅಜ್ಜ ಕೈಸುದ್ದಾ ಬೀಸಲಿಲ್ಲ ನನಗ."

ಯಾವಾಗ ಹೋಗುವುದು ಎಂಬುದೇ ತಲೆನೋವಾಯಿತು. ನಮ್ಮದು ದ್ರಾಕ್ಷಿ ತೋಟ. ಬೇಸಿಗೆಯಲ್ಲೊಮ್ಮೆ, ದಸರೆಯ ಹೊತ್ತಿಗೊಮ್ಮೆ ಬಳ್ಳಿ ಕತ್ತರಿಸಿ ಸವರಬೇಕು. ದಸರೆಯಲ್ಲಿ ಸವರಿದರೆ ಹಣ್ಣು ಇಳಿಯುವವರೆಗೆ ತಲೆ ಎತ್ತುವಂತಿಲ್ಲ. ಉಸಿರು ಬಿಡಲು ಸಿಗುವುದು ಶ್ರಾವಣದ ಆಸುಪಾಸು ಮಾತ್ರ. ಅದು ಚಾತುರ್ಮಾಸ, ಮುನಿಗಳು ಒಂದೇ ಊರಲ್ಲಿ ನಿಲ್ಲುವ, ನಾವು ಜೈನರು ನೇಮ ಹಿಡಿಯುವ ತಿಂಗಳುಗಳು. ಆದರೂ ನಮ್ಮ ಮನೆಯವರು, ರಾವಸಾಹೇಬ, ಒಪ್ಪಿದರು. ಮೂರು ದಿನದ ಮೇಲೆ ಆಗುವುದಿಲ್ಲ ಎಂದರು. ನಮಗೂ ಅಷ್ಟೇ ಸರಿ. ಮಳೆಗಾಲದಲ್ಲಿ ಬೀಸಿದ ಹಿಟ್ಟು ಮೂರು ದಿನ ದಾಟಿದರೆ ನಾವು ಉಣ್ಣುವುದಿಲ್ಲ.

ಆಗುಂಬೆಯಲ್ಲಿ ನಾವು ಉಳಿಯಬೇಕಿದ್ದ ಕಾಡಿನ ಶಿಬಿರದವನಿಗೆ ನಾನೇ ಫೋನು ಮಾಡಿದೆ. ಉಳ್ಳಾಗಡ್ಡಿ ಬೇಡ, ಬಟಾಟೆ ಬೇಡ, ನೆಲದಡಿಯ ಯಾವ ಗಡ್ಡೆಯೂ ಬೇಡ, ಸಂಜೆಯ ಊಟ ಸೂರ್ಯ ಮುಳುಗುವ ಮೊದಲು ಆಗಬೇಕು ಎಂದೆ.

"ಇಲ್ಲಿ ಮಳೆಗಾಲದಲ್ಲಿ ಸೂರ್ಯ ಕಾಣೋದೇ ಇಲ್ಲ ಮಾರಾಯ್ರೆ. ಅವ ಮುಳುಗಿದ್ದು ನಮಗೆ ಹ್ಯಾಗೆ ಗೊತ್ತಾಗ್ಬೇಕು?"

"ಗಡಿಯಾರ ಇಲ್ಲೇನ್ರಿ ನಿಮ್ಮ ಕಡೆ?" ಎಂದೆ.

ಜಿಗಣೆ ಬಹಳ, ಉಪ್ಪು ತನ್ನಿ ಎಂದ. ಅತ್ತೆಗೆ ಅದು ಕೇಳಿಸಿತು. "ಉಪ್ಪ ಹಾಕಿದ್ರ ಸಾಯ್ತಾವ. ಬ್ಯಾಡ. ಹೊಟ್ಟಿ ತುಂಬಿದ ಮ್ಯಾಲ ತಾವ ಬಿಡ್ತಾವ" ಎಂದರು. ಕಡೆಗೆ ನಿಪ್ಪಾಣಿಯ ನಾದಿನಿ ಒಂದು ಚೀಲ ತಂಬಾಕಿನ ಪುಡಿ ಕಳಿಸಿದಳು. ಕಾಲುಚೀಲಕ್ಕೆ ಸವರಿಕೊಂಡರೆ ಜಿಗಣೆ ಹತ್ತುವುದೂ ಇಲ್ಲ, ಸಾಯುವುದೂ ಇಲ್ಲ. ಹಾರೂಗೇರಿಯ ಇಸಾಕನ ಗಾಡಿ ಹೇಳಿದ್ದೂ ಆಯಿತು. ನಮ್ಮನ್ನು ಎಲ್ಲ ಬಸದಿಗಳಿಗೆ ತಿರುಗಿಸಿದವನು ಅವನೇ.

ಆಮೇಲೆ ಬಸದಿಯಲ್ಲಿ ಚಾತುರ್ಮಾಸದ ಕಲಶ ಸ್ಥಾಪನೆ ಬಂತು. ಕಾಲಿಡಲು ಜಾಗವಿರಲಿಲ್ಲ. ಪ್ರವಚನ ಮುಗಿಸಿ ಮುನಿ ಮಹಾರಾಜರು ಒಂದೊಂದೇ ನೇಮ ಹೇಳುತ್ತ ಬಂದರು. ಸೊಪ್ಪು ಬಿಡುವವರು ಕೈ ಎತ್ತಿದರು, ಒಪ್ಪೊತ್ತು ಉಣ್ಣುವವರು ಎತ್ತಿದರು. ಕಡೆಗೆ, "ದೀಪಾವಳಿಯವರೆಗೆ ತಾಲೂಕಿನ ಗಡಿ ದಾಟುವುದಿಲ್ಲ ಎಂಬ ನೇಮ ಯಾರು ಹಿಡಿಯುತ್ತೀರಿ? ಯೋಚನೆ ಮಾಡಿ ಕೈ ಎತ್ತಿ" ಎಂದರು.

ಗಂಡಸರ ಸಾಲಿನಲ್ಲಿ ಮೊದಲು ಎದ್ದದ್ದು ಆಬಾಸಾಹೇಬನ ಕೈ. ನಮ್ಮ ಮನೆಯವರ ಚಿಕ್ಕಪ್ಪನ ಮಗ. ಅವನು ಬೋರು ಕೊರೆಸಿದರೆ ಇವರೂ ಕೊರೆಸಬೇಕು, ಅವನು ಟ್ರ್ಯಾಕ್ಟರು ತಂದರೆ ಇವರೂ ತರಬೇಕು. ನಾನು ಹೆಂಗಸರ ಸಾಲಿನಿಂದ ಇವರ ತೋಳನ್ನೇ ನೋಡುತ್ತಿದ್ದೆ. ತೋಳು ಅಲುಗಿತು. ಬೇಡ, ಬೇಡ ಎಂದುಕೊಳ್ಳುವಷ್ಟರಲ್ಲಿ ಆಬಾಸಾಹೇಬನ ಕೈಗಿಂತ ಒಂದು ಗೇಣು ಮೇಲೆ ಎದ್ದು ನಿಂತಿತು. ಜನ ಜಯಕಾರ ಹಾಕಿದರು. ನನ್ನ ಪಕ್ಕದಲ್ಲಿ ಅತ್ತೆ ತಲೆ ಬಗ್ಗಿಸಿ ಕೂತಿದ್ದರು.

ಮನೆಗೆ ಬಂದು ಕೇಳಿದೆ. "ಆಗುಂಬಿ ಯಾವ ತಾಲೂಕಿನಾಗ ಐತ್ರಿ?"

"ಮುಂದಿನ ವರ್ಷ ಹೋಗೂಣಂತ."

"ಆಬಾಸಾಹೇಬ ಎತ್ತದಿದ್ರ ನೀವು ಎತ್ತತಿದ್ದಿರೇನು?"

"ದೇವರ ಮುಂದ ಹಿಡಿದ ನೇಮಕ್ಕ ಹಂಗೆಲ್ಲಾ ಮಾತಾಡಬ್ಯಾಡ, ತಾರಾ."

"ಹಂಗಾದ್ರ ನಾವಷ್ಟ ಹೋಗಿ ಬರ್ತೀವಿ."

"ಗಂಡಸ ಇಲ್ದ, ಅದೂ ಕಾಡಿಗೆ? ಮಂದಿ ಏನಂದಾರು?"

ನೇಮ ಮುರಿಯಿರಿ ಎಂದು ಹೇಳುವ ಹಾಗಿಲ್ಲ. ಆ ಪಾಪ ಯಾರಿಗೆ ಬೇಕು? ಕಾಲುಚೀಲಗಳನ್ನೆಲ್ಲ ಅಟ್ಟದ ಮೇಲೆ ಎಸೆದೆ. ಅದರಲ್ಲೊಂದು ಅಟ್ಟದ ಬಾಗಿಲ ಚಿಲಿಕದ ಮೇಲೆ ಸಿಕ್ಕಿಕೊಂಡು ನೇತಾಡುತ್ತ ಉಳಿಯಿತು. ತೆಗೆಯಲು ಹೋಗಲಿಲ್ಲ. ಸಿಟ್ಟು ಒಂದು ದಿನ ಇತ್ತು. ಆಮೇಲೆ ಬರೀ ದಣಿವು. ಬ್ರಾಹ್ಮಿ ಇಸಾಕನಿಗೆ ಬೇಡವೆಂದು ಹೇಳಲೇ ಎಂದು ಕೇಳಿದಳು. ತಡಿ ಎಂದೆ. ಯಾಕೆ ತಡಿ ಎಂದೆನೋ ನನಗೇ ಗೊತ್ತಿರಲಿಲ್ಲ.

ಕೈ ಎತ್ತುವಾಗ ಇವರು ಒಂದನ್ನು ಮರೆತಿದ್ದರು. ಕಾಗವಾಡದವರಿಗೆ ಗಡಿ ಅಂದರೆ ಮನೆಯ ಹೊಸ್ತಿಲಿದ್ದ ಹಾಗೆ. ದ್ರಾಕ್ಷಿಯ ಔಷಧಕ್ಕೆ ಇವರು ನಂಬುವ ಒಂದೇ ಅಂಗಡಿ ಗಡಿಯಾಚೆ ಮಿರಜದಲ್ಲಿದೆ. ಔಷಧ ಹೊಡೆಯುವ ಪಂಪಿನ ರಿಪೇರಿಯೂ ಅಲ್ಲೇ. ಅತ್ತೆಯ ಕಣ್ಣಿನ ಡಾಕ್ಟರು ಅದರಾಚೆ ಸಾಂಗಲಿಯಲ್ಲಿ.

ಮಳೆ ಹಿಡಿಯಿತು, ಎಲೆಗೆ ರೋಗ ಬಿತ್ತು. ಮಿರಜಕ್ಕೆ ನಾನು ಹೋದೆ. ಬಸ್ಸಿನಲ್ಲಿ ನಿಂತು, ಡಬ್ಬಿಗಳನ್ನು ಎದೆಗವಚಿಕೊಂಡು, ತೊಯ್ದು ಬಂದೆ. ಮರುದಿನ ಪಂಪು ಕೆಟ್ಟಿತು. ಅದನ್ನೂ ಹೊತ್ತೆ. ಆಮೇಲೆ ಅತ್ತೆಯ ಕಣ್ಣಿನ ಔಷಧ ತರಲು ಸಾಂಗಲಿಗೆ ಹೋಗಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಇವರು, "ಆ ಔಷಧ ಹಿಡೀಲಿಲ್ಲ ತಾರಾ. ನಾಳೆ ಹೋಗಿ ಬ್ಯಾರೇದು ತಂದಬಿಡ" ಎಂದರು.

ಕಟ್ಟೆಯ ಮೇಲೆ ಕೂತುಬಿಟ್ಟೆ. "ದೀಪಾವಳಿ ತನಕ ನಾನ ಓಡಾಡೂದೇನ್ರಿ?"

"ನಿನಗೇನ ನೇಮ ಇಲ್ಲಲ್ಲ. ನೀ ಎಲ್ಲಿ ಬೇಕಾದ್ರೂ ಹೋಗಬಹುದು."

ಅಂದ ಮೇಲೆ ಇವರಿಗೇ ಹೊಳೆಯಿತು.

"ಇನ್ನೊಮ್ಮೆ ಹೇಳ್ರಿ."

"ನಾ ಮಿರಜದ ಮಾತ ಹೇಳೀನಿ."

"ಮಿರಜಕ್ಕ ಹೋಗಾಕ ಗಂಡಸ ಬ್ಯಾಡ, ಆಗುಂಬಿಗೆ ಬೇಕೇನು? ನಿಮ್ಮ ಡಬ್ಬಿ ಹೊತ್ತ ಗಡಿ ದಾಟೂ ಕಾಲು ಖಾಲಿ ಕೈಲೆ ದಾಟಬಾರದೇನು? ಅಲ್ಲಿ ಮಂದಿ ಏನೂ ಅನ್ನಂಗಿಲ್ಲೇನು?" ನನ್ನ ದನಿ ಓಣಿಗೆಲ್ಲ ಕೇಳಿರಬೇಕು. ಕೇಳಲಿ.

ಇವರು ದನಿ ತಗ್ಗಿಸಿದರು. "ಅವ್ವನ್ನ ಒಬ್ಬಾಕಿನ್ನ ಬಿಟ್ಟ ಹೆಂಗ ಹೋಗ್ತಿ? ಆಕೀಗೂ ನೇಮ ಐತಿ."

ಅತ್ತೆ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. "ಯಾರು ಹೇಳಿದ್ರು ನಿನಗ?" ಎಂದರು. "ಸೊಪ್ಪಿಗೆ ಎತ್ತೀನಿ, ಒಪ್ಪೊತ್ತಿಗೆ ಎತ್ತೀನಿ. ಗಡಿದಕ್ಕ ಎತ್ತಿಲ್ಲ. ಕೈ ಸೆರಗಿನಾಗ ಸುತ್ತಿಕೊಂಡ ಕುಂತಿದ್ನಿ."

"ಯಾಕವ್ವಾ?"

"ಕಪ್ಪಿ ನೋಡಬೇಕಾಗೈತಿ ನನಗ."

ಇವರು ನನ್ನ ಮುಖ ನೋಡಿದರು, ಅವ್ವನ ಮುಖ ನೋಡಿದರು, ಎದ್ದು ತೋಟಕ್ಕೆ ಹೋದರು. ಸಂಜೆ ಬಂದು ಬಡಿಗೆಯಿಂದ ಚಿಲಿಕದ ಮೇಲಿನ ಕಾಲುಚೀಲ ಬೀಳಿಸಿ ನನ್ನ ಮುಂದೆ ಇಟ್ಟರು.

ಹೊರಡುವ ದಿನ ಬೆಳಿಗ್ಗೆ ನನ್ನ ಅಂಗೈ ಉರಿಯುತ್ತಿತ್ತು. ಹೋಗುವ ಮೂವರಿಗೆ ರೊಟ್ಟಿ, ಉಳಿಯುವ ಒಬ್ಬರಿಗೆ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿಯ ಚೂಡಾ. ಏನೂ ಬೇಯಿಸಬಾರದು ಎಂದುಕೊಂಡವಳು ಬೇಯಿಸಿಯೇ ಹೊರಟೆ. ಗಾಡಿ ಉಗಾರ ದಾಟಿ ಕೃಷ್ಣೆಯ ಸೇತುವೆಗೆ ಬಂದಾಗ ಹಿಂದೆ ಇವರ ಬೈಕು ಕಂಡಿತು. ಹೊಳೆಯ ಆಚೆ ಕುಡಚಿ, ಬೇರೆ ತಾಲೂಕು. ಇವರು ಈಚೆ ದಂಡೆಯಲ್ಲಿ ಬೈಕು ನಿಲ್ಲಿಸಿದರು.

ಇಸಾಕ ಗಾಡಿ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಅಣ್ಣಾ, ಒಂದ ಕಾಲ ಆಚೆ ಇಟ್ಟ ನೋಡ್ರಿ. ಯಾರಿಗೂ ಹೇಳಂಗಿಲ್ಲ."

"ಸುಮ್ನ ಗಾಡಿ ಹೊಡಿಯಲೇ ಇಸಾಕ." ಆಮೇಲೆ ನನ್ನ ಕಿಟಕಿಗೆ ಬಂದರು. "ಅವ್ವನ ಕಾಲಿನ ಮ್ಯಾಲ ಲಕ್ಷ್ಯ ಇಡ. ಜಾರ್ತೈತಿ ಅಲ್ಲಿ." ಮತ್ತೆ ಬಗ್ಗಿ, "ಚಹಾಪುಡಿ ಎಲ್ಲೈತಿ?"

"ಹುಡುಕ್ರಿ. ಮನಿ ತಾಲೂಕಿನಾಗ ಐತಿ."

ಗಾಡಿ ಸೇತುವೆ ಏರಿತು. ಕೆಳಗೆ ಕೆಂಪು ನೀರು ದಂಡೆ ತುಂಬಿ ಹರಿಯುತ್ತಿತ್ತು. ಅತ್ತೆ ಹಿಂದಿನ ಗಾಜಿಗೆ ಮುಖ ಹಚ್ಚಿದ್ದರು.

"ತಾರಾ, ಮತ್ತ ಕೈ ಎತ್ಯಾನ ನೋಡ."

"ಬೀಸಾಕತ್ತಾರ, ಆಯಿ" ಎಂದಳು ಬ್ರಾಹ್ಮಿ.

ನಾನು ತಿರುಗಿ ನೋಡಲಿಲ್ಲ. ಕಿಟಕಿಯಿಂದ ಕೈ ಹೊರಗೆ ಚಾಚಿ ಒಂದು ಸಲ ಬೀಸಿದೆ. ಕಂಡಿತೋ ಇಲ್ಲವೋ. ಮಳೆಯ ಹನಿ ಅಂಗೈಗೆ ತಾಗಿ ತಂಪಾಯಿತು. ಕಾಡು ಬಂದಾಗ ಎಬ್ಬಿಸು ಎಂದು ಮಗಳಿಗೆ ಹೇಳಿದೆ. ಹತ್ತಿರದ ಹಾರೂಗೇರಿ ಬಂದದ್ದೂ ನನಗೆ ಗೊತ್ತಿಲ್ಲ.