ರೋಲಂಡನ ಸಾವು ಯಾರ ಕಡೆಗೆ

"ನನ್ನ ತಮ್ಮನ್ನ ಕೊಂದಿದ್ದು ಆ ಹಾಳು ಸೇತುವೆ!"

ಕ್ಲಾಡೆಟ್ ಎದ್ದು ಕೂಗಿದ್ದೇ ತಡ, ಸಭಾಭವನದಲ್ಲಿ ಗಲಾಟೆಯೋ ಗಲಾಟೆ. ಪಕ್ಕದಲ್ಲೇ ಆ ತಮ್ಮ ರೋಲಂಡನ ಹೆಂಡತಿ ಆರ್ಲೀನ್ ತಲೆ ತಗ್ಗಿಸಿ ಕೂತಿದ್ದಳು. ಅಮೆರಿಕದ ವರ್ಮಾಂಟಿನ ಈ ಊರಲ್ಲಿ ಮಾರ್ಚ್ ಬಂತೆಂದರೆ ಎಲ್ಲರೂ ಒಂದೆಡೆ ಸೇರಿ ವರ್ಷದ ಜಗಳ ತೀರಿಸಿಕೊಳ್ಳುವುದು ರೂಢಿ. ಮರದ ಹಳೆ ಸೇತುವೆ ಕೆಡವಿ, ಆಂಬುಲೆನ್ಸ್ ದಾಟುವಂಥ ಹೊಸದು ಕಟ್ಟಬೇಕೋ ಬೇಡವೋ ಎಂಬುದು ಈ ಸಲದ್ದು.

"ಸೇತುವೆ ಏನ್ ಮಾಡ್ತು ಪಾಪ?" ಎಂದ ಗಾರ್ಡನ್. ತನ್ನ ಮುತ್ತಾತ ಕಟ್ಟಿದ್ದೆಂದು ಹಳೆ ಸೇತುವೆಗಾಗಿ ಪ್ರಾಣ ಬಿಡುವವನು. "ರೋಲಂಡನ ಎದೇನೇ ಕೆಟ್ಟಿತ್ತು. ಆಂಬುಲೆನ್ಸ್ ಹಾರ್ಕೊಂಡು ಬಂದಿದ್ರೂ ಅಷ್ಟೇ!"

"ನನ್ನ ಹತ್ರ ಮಾತಾಡಿ, ನಿಮ್ಮನಿಮ್ಮಲ್ಲೇ ಅಲ್ಲ," ಎಂದು ಸಭಾಧ್ಯಕ್ಷ ಸುತ್ತಿಗೆ ಕುಟ್ಟಿದ.

ಸುಮ್ಮನಿದ್ದರೆ ಸತ್ತವನನ್ನೂ ಹರಿದು ಹಂಚಿಕೊಳ್ಳುತ್ತಾರೆ ಇವರು ಅನ್ನಿಸಿ ಆರ್ಲೀನ್ ಎದ್ದಳು. ಸೇತುವೆ ಇದ್ದರೂ ಬಿದ್ದರೂ ಅವಳಿಗೆ ಒಂದೇ. ಗಂಡ ಹೇಗೆ ಹೋದನೋ ಹಾಗೇ ಊರು ನೆನೆಯಲಿ, ಅಷ್ಟು ಸಾಕಿತ್ತು.

"ಅಧ್ಯಕ್ಷರೇ, ಆಂಬುಲೆನ್ಸ್ ಸುತ್ತು ಹಾಕ್ಕೊಂಡು ತಡವಾಗಿ ಬಂತು, ನಿಜ. ಆದ್ರೆ ಅದಕ್ಕೂ ಮೊದ್ಲು ನಮ್ಮನೆಯವ್ರೇ ನನ್ನ ಕೈಯಿಂದ ಫೋನ್ ಕಿತ್ಕೊಂಡು ತೊಡೆ ಕೆಳಗಿಟ್ಕೊಂಡ್ರು. ಬೀನ್ಸ್ ತಿಂದು ಗ್ಯಾಸಾಗಿದೆ, ಟೀವೀಲಿ ಹಾಕಿ ಮ್ಯಾಚ್ ಮುಗೀಲಿ ಅಂದ್ರು. ಬೇಗ ಬಂದಿದ್ರೆ ಉಳೀತಿದ್ರಾ ಅಂತ ಡಾಕ್ಟರನ್ನ ಕೇಳ್ದೆ. ಹೇಳೋಕಾಗಲ್ಲ ಅಂದ್ರು."

"ಕೇಳಿದ್ರಾ? ತಡವಾಯ್ತಂತೆ!" ಎಂದಳು ಕ್ಲಾಡೆಟ್.

"ಕೇಳಿದ್ರಾ? ತಾನೇ ಫೋನ್ ಬಚ್ಚಿಟ್ನಂತೆ!" ಎಂದ ಗಾರ್ಡನ್.

ಎರಡೂ ಕಡೆ ಚಪ್ಪಾಳೆ.

"ಅಯ್ಯೋ, ನಾನು ಹೇಳಿದ್ದು ಅದಲ್ಲ—"

"ಒಬ್ರಿಗೆ ಒಂದೇ ಸಲ ಅವಕಾಶ, ಆರ್ಲೀನ್," ಎಂದ ಅಧ್ಯಕ್ಷ.

ಕ್ಲಾಡೆಟ್ ಅಳುತ್ತಾ ಅವಳ ಕೈ ಹಿಡಿದಳು. "ಅಂಥಾ ಹೊತ್ತಲ್ಲಿ ಫೋನ್ ಯಾರ ಹತ್ರ ಇತ್ತು ಅಂತ ನಿಂಗೆ ಸರಿಯಾಗಿ ನೆನಪೆಲ್ಲಿರುತ್ತೆ, ಬಿಡೇ."

ಆರ್ಲೀನಿಗೆ ಮೈಯೆಲ್ಲ ಉರಿಯಿತು. ಆದರೆ ಅಳುವವಳ ಕೈ ಕೊಡವುವುದಾದರೂ ಹೇಗೆ? ಇನ್ನೊಂದು ಮಾತಿಗೆ ಬಿಟ್ಟಾರೆಂದು ನಿಂತೇ ಇದ್ದಳು.

"ಹೊಸ ಸೇತುವೆ ಬೇಕು ಅನ್ನೋರು ಎದ್ದು ನಿಲ್ಲಿ," ಎಂದ ಅಧ್ಯಕ್ಷ. ಅರ್ಧ ಊರು ಎದ್ದಿತು. ಅವನು ಪೆನ್ಸಿಲ್ ತೋರಿಸುತ್ತ ಸಾಲುಸಾಲಾಗಿ ಎಣಿಸಿದ. ಪೆನ್ಸಿಲ್ಲು ಕ್ಲಾಡೆಟ್ ಮೇಲೆ ನಿಂತು, ಆರ್ಲೀನ್ ಮೇಲೆ ನಿಂತು, ಮುಂದೆ ಹೋಯಿತು.

"ನಾನು ಮಾತಾಡೋಕೆ ನಿಂತಿದ್ದು..."

"ಎಣಿಸೋವಾಗ ಮಾತಾಡೋ ಹಾಗಿಲ್ಲ."

ಆ ಗುಂಪು ಕೂತಿತು. "ಬೇಡ ಅನ್ನೋರು ಏಳಿ." ಉಳಿದರ್ಧ ಊರು ಎದ್ದಿತು. ಅವರ ನಡುವೆ ಆರ್ಲೀನ್ ನಿಂತಲ್ಲೇ ನಿಂತಿದ್ದಳು.

"ಆರ್ಲೀನ್, ನಿಮ್ಮನ್ನ ಆಗ್ಲೇ ಎಣಿಸಾಯ್ತು," ಅಧ್ಯಕ್ಷ ಮೆಲ್ಲಗೆ ಹೇಳಿದ. "ಕೂತ್ಕೊಳ್ಳಿ."

ಊರೆಲ್ಲ ನಕ್ಕಿತು. ಗಾರ್ಡನ್ನೂ ನಕ್ಕ, ಕ್ಲಾಡೆಟ್ ಕಣ್ಣೊರೆಸಿಕೊಂಡು ನಕ್ಕಳು. ಆರ್ಲೀನ್ ಕೂತಳು.