ಗೆರೆ ಮಾವನ ಸೊಟ್ಟ ಗೆರೆ

ಅವರಷ್ಟು ನೆಟ್ಟಗೆ ನಡೆಯುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಪಾದದ ಮುಂದೆ ಪಾದವಿಟ್ಟು, ಕಣ್ಣನ್ನು ದೂರದ ಯಾವುದೋ ಗೂಟದ ಮೇಲೆ ನೆಟ್ಟು, ಎದುರಿಗೆ ಸೈಕಲ್ ಬರಲಿ ಸಾಹೇಬರು ಬರಲಿ ಪಕ್ಕಕ್ಕೆ ಸರಿಯದೆ, ಮಾರುಕಟ್ಟೆಯ ನೂಕುನುಗ್ಗಲಿನಲ್ಲೂ ಆಸ್ಪತ್ರೆಯ ಓಣಿಯಲ್ಲೂ ಅವರದು ಅದೇ ನಡಿಗೆ. ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು ಅವರ ಕಸುಬು. ಆಟಗಾರರಿಗೆಲ್ಲ ಅವರು ಗೆರೆ ಮಾವ. ಬಿಸಿಲಿರಲಿ ಚಳಿಯಿರಲಿ, ಮೈಮೇಲೊಂದು ಕಪ್ಪು ಕೋಟು. ಅದರ ಜೇಬಿನ ಅಂಚುಗಳು ಕೈ ತಾಕಿ ತಾಕಿ ಬೆಳ್ಳಗಾಗಿದ್ದವು. "ನಮ್ಮನೆ ಗೋಡೆ ಸುಣ್ಣ ಕಂಡು ಎಷ್ಟೋ ವರ್ಷ ಆಯ್ತು, ಇವ್ರ ಕೋಟಿಗೆ ಮಾತ್ರ ದಿನಾ ಸುಣ್ಣ" ಎಂದು ಅವರ ಹೆಂಡತಿ ನಗುತ್ತಿದ್ದರು.

ಇಂಥವರು ಎಳೆದ ಗೆರೆಯೊಂದು ಸೊಟ್ಟಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಕ್ಲಬ್ಬಿನ ಚರಿತ್ರೆ ಬರೆಯುವ ಹುಚ್ಚು ಹಿಡಿದು ನಾನು ಮೈದಾನ ಸುತ್ತುತ್ತಿದ್ದ ದಿನಗಳಲ್ಲಿ ಅದು ಕಣ್ಣಿಗೆ ಬಿತ್ತು. ಪಕ್ಕದ ಉದ್ದನೆಯ ಗೆರೆ ನೇರವಾಗಿ ಬರುತ್ತ ಬರುತ್ತ, ಮೂಲೆಗೆ ಸ್ವಲ್ಪ ಮೊದಲು ಒಂದು ಮಾರು ಒಳಕ್ಕೆ ಬಾಗಿ, ಮತ್ತೆ ತನ್ನ ದಾರಿ ಹಿಡಿಯುತ್ತಿತ್ತು. ಗೆರೆ ಮಾವನನ್ನೇ ಕೇಳಿದೆ.

"ಅಲ್ಲಿ ಗೋಡೆ ಇದ್ಯಲ್ಲಪ್ಪ" ಎಂದರು.

ಕಣ್ಣುಜ್ಜಿಕೊಂಡು ನೋಡಿದೆ. ಅಲ್ಲಿ ಬರೀ ಹುಲ್ಲಿತ್ತು.

ಗೋಡೆ ಒಂದು ಕಾಲಕ್ಕೆ ಇದ್ದದ್ದು ನಿಜ. ಕ್ಲಬ್ಬು ಹುಟ್ಟಿದ್ದು ಇದೇ ಜಾಗದಲ್ಲಿದ್ದ ನೂಲಿನ ಗಿರಣಿಯ ಅಂಗಳದಲ್ಲಿ. ಪಾಳಿ ಮುಗಿಸಿದ ಕೆಲಸಗಾರರೇ ಆಟಗಾರರು, ಮಾಸಿದ ಬನಿಯನ್ನೇ ಸಮವಸ್ತ್ರ. ಗೆರೆ ಮಾವನ ಅಣ್ಣ ಆ ತಂಡದಲ್ಲಿ ಬಲಬದಿಗೆ ಆಡುತ್ತಿದ್ದವರು, ಗಾಳಿಯಂಥ ಓಟಗಾರ. ಒಂದು ಸಂಜೆ ಗೆರೆ ದಾಟುತ್ತಿದ್ದ ಚೆಂಡನ್ನು ಉಳಿಸಿಕೊಳ್ಳಲು ಹೋಗಿ, ಮೈದಾನದ ಕಡೆಗೆ ಚಾಚಿಕೊಂಡಿದ್ದ ಗೋದಾಮಿನ ಗೋಡೆಗೆ ಅಪ್ಪಳಿಸಿ ಮಂಡಿಚಿಪ್ಪು ಒಡೆದುಕೊಂಡರು, ಮತ್ತೆಂದೂ ಓಡಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ತಮ್ಮನಿಗೆ ಹೇಳಿದರಂತೆ: "ಅಲ್ಲಿ ಗೆರೇನ ಒಳಗೆ ಎಳಿಯೋ. ಇನ್ನೊಬ್ರಿಗೆ ಹೀಗಾಗೋದು ಬೇಡ." ತಮ್ಮ ಎಳೆದರು. ಗಿರಣಿ ಮುಚ್ಚಿತು, ಗೋದಾಮನ್ನು ಕೆಡವಿದರು, ಕ್ಲಬ್ಬಿಗೆ ಸಂಬಳದ ಆಟಗಾರರು ಬಂದರು, ಗ್ಯಾಲರಿ ಎದ್ದಿತು. ಗೆರೆ ಮಾತ್ರ ಬಾಗಿಯೇ ಇತ್ತು. ಸಣ್ಣ ಲೀಗಿನ ರೆಫ್ರಿಗಳು ಕಂಡೂ ಕಾಣದಂತಿದ್ದರು. ನಮ್ಮ ಆಟಗಾರರಿಗೆ ಆ ತಿರುವು ನಿದ್ದೆಯಲ್ಲೂ ಗೊತ್ತು. ಹೊರಗಿನ ತಂಡದವರು ಅಲ್ಲಿ ಚೆಂಡು ಕಳೆದುಕೊಂಡು ತಲೆ ಕೆರೆದುಕೊಳ್ಳುವುದನ್ನು ನೋಡಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕದ್ದೂ ಉಂಟು.

ಕೊನೆಗೊಮ್ಮೆ ಕ್ಲಬ್ಬು ಮೇಲಿನ ದರ್ಜೆಗೆ ಏರುವ ವರ್ಷ ಬಂತು. ತಪಾಸಣೆಗೆ ಬಂದವರು ಗೆರೆ ನೋಡಿ ಹೌಹಾರಿ, ಇದು ನೇರವಾಗದಿದ್ದರೆ ಮಾನ್ಯತೆಯಿಲ್ಲ ಎಂದುಬಿಟ್ಟರು. ಕ್ಲಬ್ಬಿನ ಕಾರ್ಯದರ್ಶಿ ಅಂಗಲಾಚಿದರು. ಗೆರೆ ಮಾವ ಜೇಬಿಗೆ ಕೈ ತೂರಿಸಿ, "ಅಣ್ಣಂಗೆ ಮಾತು ಕೊಟ್ಟಿದೀನಿ" ಎಂದಷ್ಟೇ ಹೇಳಿದರು. ಬೇರೆಯವರಿಂದ ಎಳೆಸಬಹುದಿತ್ತು, ಆದರೆ ಆ ಕೈಯಿಂದ ಸುಣ್ಣದ ಗಾಡಿ ಕಿತ್ತುಕೊಳ್ಳುವ ಎದೆ ಯಾರಿಗೂ ಇರಲಿಲ್ಲ. ಇಷ್ಟು ಜನರ ಆಸೆ ಒಬ್ಬರ ಮೊಂಡುತನಕ್ಕೆ ಸಿಕ್ಕಿಕೊಂಡಿದೆಯಲ್ಲ ಎಂದು ನನಗೂ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಆಗ ಅಣ್ಣನೇ ಬಂದರು. ಕೋಲೂರಿಕೊಂಡು, ಏದುಸಿರು ಬಿಡುತ್ತ, ಬಾಗಿದ ಗೆರೆಯ ಬಳಿ ನಿಂತು, ಕೋಲಿನಿಂದ ಗಾಳಿಯನ್ನು ತಿವಿದರು.

"ಎಲ್ಲೋ ಗೋಡೆ?"

ಗೆರೆ ಮಾವ ತಲೆ ತಗ್ಗಿಸಿದರು.

"ಗೋಡೆ ಹೋದ್ರೂ ನನ್ನ ಮಂಡೀನ ಇಲ್ಲೇ ಇಟ್ಕೊಂಡು ಕಾಯ್ತಿದ್ದೀಯಲ್ಲೋ! ನೆಟ್ಟಗೆ ಎಳಿ. ಒಬ್ಬ ಇಲ್ಲಿ ಕೊನೇ ತನಕ ಓಡೋದನ್ನ ನಾನು ನೋಡ್ಬೇಕು."

ಗೆರೆ ಮಾವ ದಾರ ಕಟ್ಟಿದರು, ಗಾಡಿ ತಳ್ಳಿದರು. ಆ ಜಾಗ ಬಂದಾಗ ಗಾಡಿ ನಿಂತಿತು. ಅಣ್ಣ ಕುಂಟುತ್ತ ಮೂಲೆಗೆ ಹೋಗಿ, ಅಲ್ಲಿಂದ ಕೋಲೆತ್ತಿ ಹಿಡಿದರು. ಆ ಕೋಲನ್ನೇ ಗೂಟವೆಂದು ಭಾವಿಸಿ, ಅದರ ಮೇಲೆ ಕಣ್ಣು ನೆಟ್ಟು, ತಮ್ಮ ದಾಟಿಕೊಂಡು ಹೋದರು.

ಮೇಲಿನ ದರ್ಜೆಯ ಮೊದಲ ಪಂದ್ಯದಲ್ಲಿ ನಮ್ಮ ಬಲಬದಿಯ ಆಟಗಾರ ಆ ಗೆರೆಯಗುಂಟ ಮೂಲೆಯವರೆಗೆ ಬಾಣದಂತೆ ಓಡಿದಾಗ, ಅಣ್ಣ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಚಪ್ಪಾಳೆ ತಟ್ಟಿದರು. ಗೆರೆ ಮಾವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. "ಬಡೀಲಿಲ್ಲ ತಾನೆ?" ಎಂದು ನನ್ನ ತೋಳು ಹಿಡಿದು ಕೇಳಿದರು.

ಪಂದ್ಯ ಮುಗಿದು ಜನ ಚದುರಿದ ಮೇಲೆ ಅಣ್ಣತಮ್ಮಂದಿರು ಮನೆಗೆ ಹೊರಟರು. ಹೊಸ ಗೆರೆಯ ಪಕ್ಕದಲ್ಲೇ ನಡೆಯುತ್ತಿದ್ದ ಗೆರೆ ಮಾವ, ಯಾರಿಗೂ ದಾರಿ ಬಿಡದ ಆ ಮನುಷ್ಯ, ಹಳೆಯ ಜಾಗ ಬಂದದ್ದೇ ಅಣ್ಣನ ರಟ್ಟೆ ಹಿಡಿದು ಮೆಲ್ಲಗೆ ಒಳಕ್ಕೆ ಸರಿಸಿ, ಇಲ್ಲದ ಗೋಡೆಯನ್ನು ಬಳಸಿಕೊಂಡು ಹೋದರು. ಅಣ್ಣನೂ ಕೋಲೂರುತ್ತ ಜೊತೆಗೆ ಬಳಸಿದರು.

ಕ್ಲಬ್ಬುಗಳ ಚರಿತ್ರೆಯಲ್ಲಿ ಗೋಲು ಹೊಡೆದವರಿಗೆ, ಟ್ರೋಫಿ ಎತ್ತಿದವರಿಗೆ ಜಾಗ ಧಾರಾಳ. ತಮ್ಮವರಿಗೆ ಒಮ್ಮೆ ಪೆಟ್ಟಾದ ಸ್ಥಳವನ್ನು ಲೋಕವೆಲ್ಲ ಮರೆತ ಮೇಲೂ ನೆನಪಿಟ್ಟು, ಹೋಗಿಬರುವವರ ಕೈಹಿಡಿದು ದಾಟಿಸುವ ಇಂಥವರು ಎಲ್ಲೆಡೆ ಇದ್ದಾರೆ. ಅವರನ್ನು ನಾವು ಮೊಂಡರೆಂದು ಬೈಯುತ್ತೇವೆ. ಬೈಯುತ್ತಲೇ, ಅವರು ಕಾದುಕೊಟ್ಟ ನೆಲದ ಮೇಲೆ ನಿರ್ಭಯವಾಗಿ ಓಡುತ್ತಿರುತ್ತೇವೆ.