ಗಾಮನ ವೇಷ

ಡಬ್ಲಿನ್ನಿನ ಬ್ಯೂಮಾಂಟ್ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಡ್ಯೂಟಿ ಮುಗಿಸಿ, ಕೆನ್ನೆಯ ಮೇಲೆ ಮಾಸ್ಕಿನ ಬರೆ ಹೊತ್ತು ಬಂದ ಡಾಕ್ಟರ್ ನೀಲಾಳಿಗೆ ಮನೆ ಬಾಗಿಲಲ್ಲೇ ವಾಸ್ಕೋ ಡ ಗಾಮ ಎದುರಾದ. ಒಂಬತ್ತು ವರ್ಷದ ಮಗಳು ಮಾನ್ಯಾ. ಉಣ್ಣೆಯ ಗಡ್ಡ, ನೀಲಾಳ ರೇಷ್ಮೆ ಬ್ಲೌಸ್ ಕತ್ತರಿಸಿ ಹೊಲಿದ ಟೋಪಿ. ಛದ್ಮವೇಷವೆಂದರೆ ಸಾಕು, ನಮ್ಮವರಿಗೆ ಮೈಮೇಲೆ ದೇವರು ಬರುತ್ತದೆ. ಗಂಡ ಸತ್ಯಪ್ರಕಾಶನ ಮುಖದಲ್ಲಿ ಆಗಲೇ ಫಸ್ಟ್ ಪ್ರೈಜ್ ಬಂದ ಕಳೆ.

"ಆನ್‌ಲೈನ್ ಕ್ಲಾಸಲ್ಲಿ ಇವತ್ತು ನಾವಿಕರ ದಿನ ಕಣೇ. ಇಂಡಿಯಾ ಕಂಡುಹಿಡಿದೋನು ನಮ್ಮ ಪಾಲಿಗೇ ಬಂದಿದಾನೆ."

"ಕಂಡುಹಿಡಿಯೋಕೆ ಇಂಡಿಯಾ ಏನು ಕಳೆದುಹೋಗಿತ್ತಾ?"

ನೀಲಾಳಿಗೆ ಮೈಯೆಲ್ಲ ಉರಿಯಿತು. ಅವಳು ಹೊನ್ನಾವರದವಳು, ಗಾಮನ ದಂಡು ಹಾವಳಿ ಮಾಡಿದ ಕರಾವಳಿಯವಳು. ಶಾಲೆಯಲ್ಲಿ ಅವಳೂ ಒಂದು ಮಾರ್ಕಿಗಾಗಿ ಅವನ ಹೆಸರನ್ನು ಉರು ಹೊಡೆದವಳೇ. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗಿಗೆ ಅವನು ಬೆಂಕಿ ಇಡಿಸಿದ್ದು, ತಾಯಂದಿರು ಕೂಸುಗಳನ್ನು ಎತ್ತಿ ತೋರಿಸಿ ಬೇಡಿಕೊಂಡದ್ದು ಯಾವ ಪಾಠದಲ್ಲೂ ಇರಲಿಲ್ಲ. ಮಗಳನ್ನು ಎದುರಿಗೆ ಕೂರಿಸಿಕೊಂಡು ಅದನ್ನೆಲ್ಲ ಹೇಳಿದಳು.

ವೇಷ ಕಳಚಲೇ ಎಂದು ಮಾನ್ಯಾ ಇಂಗ್ಲಿಷಿನಲ್ಲಿ ಕೇಳಿದಳು.

"ಬೇಡ. ಅವನ ಬಾಯಿಂದಾನೇ ಹೇಳಿಸು."

ಕ್ಲಾಸ್ ಶುರುವಾದಾಗ ಪರದೆಯ ಮುಂದೆ ಹಾಗೇ ಹೇಳಿದಳು ಹುಡುಗಿ. ಬಿರುಗಾಳಿ, ಮೆಣಸು, ಆಮೇಲೆ ಆ ಹಡಗು. ಬೆಂಕಿಯ ಮಾತು ಬಂದದ್ದೇ ತಡ, ಟೀಚರ್ ಅಡ್ಡ ಬಂದರು. "ಗ್ರ್ಯಾಂಡ್, ಮಾನ್ಯಾ. ಇಂಥ ಕಾಲದಲ್ಲಿ ಭಯದ ಮಾತು ಬೇಡ. ಪ್ರಯಾಣದ್ದಷ್ಟೇ ಹೇಳು, ಸಾಕು."

ಆಹಾ, ಬೆಂದವರು ಬೇಯಲಿ, ಬೇಯಿಸಿದವನ ಹಾಯಿ ಮಾತ್ರ ಚೆಂದ ಕಾಣಬೇಕು. ನೀಲಾ ಮಗಳ ಪಕ್ಕ ಬಂದು ಕೂತಳು.

"ಮಿಸ್, ನಾಳೆ ಒಂದು ಮಗು ಕ್ರಾಮ್‌ವೆಲ್ ವೇಷ ಹಾಕ್ಕೊಂಡು ಬಂದರೆ, ಅವನ ಕುದುರೆ ಸವಾರಿ ಅಷ್ಟೇ ಹೇಳು ಅಂತೀರಾ?"

ಐರ್ಲೆಂಡಿನ ಊರುಗಳಲ್ಲಿ ಜನರನ್ನು ಕೊಚ್ಚಿಸಿದ ಆ ಇಂಗ್ಲಿಷ್ ಸೇನಾಪತಿಯ ಹೆಸರಿಗೆ ಇಲ್ಲಿನವರು ಇಂದಿಗೂ ಹಲ್ಲು ಕಡಿಯುತ್ತಾರೆ. ಟೀಚರ್ ಮುಖ ಕೆಂಪಾಯಿತು. ಮರುಕ್ಷಣವೇ ನಗು ತಂದುಕೊಂಡರು.

"ಮಕ್ಕಳೇ, ಮಾನ್ಯಾಳ ಅಮ್ಮ ಡಾಕ್ಟರ್. ನಮಗೋಸ್ಕರ ಎಷ್ಟು ಕಷ್ಟಪಡ್ತಿದ್ದಾರೆ. ಎಲ್ಲರೂ ಅವರಿಗೊಂದು ಚಪ್ಪಾಳೆ ಕೊಡಿ."

ಆ ದಿನಗಳಲ್ಲಿ ದೇಶವೇ ಡಾಕ್ಟರು, ನರ್ಸುಗಳಿಗೆ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಿತ್ತು. ಪರದೆಯ ತುಂಬ ಪುಟ್ಟ ಕೈಗಳು ತಟ್ಟತೊಡಗಿದವು. ಹಿಂದೆ ನಿಂತ ಸತ್ಯಪ್ರಕಾಶನೂ ತಟ್ಟಿದ, ಪುಣ್ಯಾತ್ಮ.

ಮಾನ್ಯಾ ಒಬ್ಬಳು ತಟ್ಟಲಿಲ್ಲ. ಸದ್ದು ಪೂರ್ತಿ ನಿಲ್ಲುವವರೆಗೆ ಕಾದು, ಅಪ್ಪಟ ಡಬ್ಲಿನ್ ಇಂಗ್ಲಿಷಿನಲ್ಲಿ ಕೇಳಿದಳು.

"ಮಿಸ್, ಅಮ್ಮ ಕೇಳಿದ್ದಕ್ಕೆ ಉತ್ತರ?"